ಅವತ್ತು ಹೊಲದಾಗ ಯಾರಿದ್ದರು?

ಹುಕ್ಕೇರಿ ತಾಲೂಕಿನ ದಡ್ಡಿಯಲ್ಲಿ ಘಟಪ್ರಭಾ ನದಿಯ ನೀರು ಅಳೆಯುವ ಕೇಂದ್ರ ಜಲ ಆಯೋಗದ ಠಾಣೆ ಇದೆ. ಸಹ್ಯಾದ್ರಿಯಿಂದ ಚಂದಗಡದ ಸೀಮೆ ದಾಟಿ ಬಂದ ಹೊಳೆ, ಹಿಡಕಲ್ ಜಲಾಶಯ ಸೇರುವ ಮೊದಲು ಇಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಇಂತಹ ಠಾಣೆಯ ವಹಿ ಬಲು ಸರಳ. ಇಂಥ ದಿನ, ಇಷ್ಟು ಹೊತ್ತಿಗೆ, ನೀರು ಇಷ್ಟು ಎತ್ತರ. ಇದನ್ನು ಕಂಪ್ಯೂಟರಿನ ಟೇಬಲ್ಲಿಗೆ ಹಾಕಿ ಪ್ರಶ್ನೆ ಕೇಳುವುದೂ ಕಷ್ಟವಲ್ಲ. ಜುಲೈ ತಿಂಗಳಲ್ಲಿ ನೀರು ಎಲ್ಲಕ್ಕಿಂತ ಮೇಲೇರಿದ್ದು ಯಾವತ್ತು? ಹೋದ ವರ್ಷ ಇದೇ ವಾರ ಎಷ್ಟಿತ್ತು? ಪ್ರತಿ ಸಾಲೂ ಒಂದು ಗಳಿಗೆಯ ಮಾತು. ಒಮ್ಮೆ ಸರಿಯಾಗಿ ಬರೆದರೆ ಅದು ಎಂದೆಂದಿಗೂ ಸರಿ.

ಅದೇ ಹೊಳೆಯ ದಂಡೆಯ ಹೊಲದ ಕಾಗದ ಹಾಗಿಲ್ಲ. ಸರ್ವೆ ನಂಬರು, ಎಕರೆ, ಗುಂಟೆ, ಹೆಸರು. ಈ ಹೆಸರು ಯಾವ ಗಳಿಗೆಯದು? ಬರೆದ ದಿನದಿಂದ ಬದಲಾಗುವ ದಿನದವರೆಗೂ ಅದು ನಿಜ. ಯಾವತ್ತು ಬದಲಾಗುತ್ತದೆ ಎಂಬುದು ಬರೆಯುವ ಹೊತ್ತಿಗೆ ಬರೆಯುವವನಿಗೂ ಗೊತ್ತಿಲ್ಲ, ಹೊಲದವನಿಗೂ ಗೊತ್ತಿಲ್ಲ. ನೀರಿನ ಅಳತೆ ಒಂದು ಚುಕ್ಕೆ. ಒಡೆತನ ಒಂದು ಗೆರೆ, ಅದರ ಇನ್ನೊಂದು ತುದಿ ಇನ್ನೂ ಬಿದ್ದಿರುವುದಿಲ್ಲ. ಕಾಲಕ್ಕೆ ಸಂಬಂಧಿಸಿದ ಮಾಹಿತಿಯನ್ನು ಟೇಬಲ್ಲುಗಳಲ್ಲಿ ಇಟ್ಟು ಪ್ರಶ್ನಿಸುವ ವಿದ್ಯೆಯ ತೊಡಕೆಲ್ಲ ಶುರುವಾಗುವುದು ಈ ಎರಡನೆಯ ಬಗೆಯಲ್ಲಿ. ಕಂಪ್ಯೂಟರ್ ವಿಜ್ಞಾನದವರು ಈ ತೊಡಕಿನ ಜೊತೆ ಸೆಣಸಿದ್ದು ಕಳೆದ ನಲವತ್ತು ವರ್ಷಗಳಲ್ಲಿ. ನಮ್ಮ ತಲಾಟಿಗಳು ಸೆಣಸಲು ತೊಡಗಿ ನೂರಿಪ್ಪತ್ತು ವರ್ಷವಾಯಿತು.

ದಕ್ಷಿಣದವರು ಪಹಣಿ ಅನ್ನುವುದನ್ನು ಬೆಳಗಾವಿ ಕಡೆ ಉತಾರ ಅನ್ನುತ್ತಾರೆ. ಎರಡೂ ಮರಾಠಿಯಿಂದ ಬಂದ ಮಾತು. ಪಹಣಿ ಅಂದರೆ ಕಣ್ಣಿಂದ ನೋಡಿ ಬರುವುದು, ಅಂದರೆ ಬೆಳೆಯ ಪರಿಶೀಲನೆ. ಉತಾರ ಅಂದರೆ ಮೂಲ ದಫ್ತರದಿಂದ ಇಳಿಸಿಕೊಂಡ ನಕಲು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಪಹಣಿ ಮಾಹಿತಿ ತುಂಬುವ ಕೆಲಸ, ಉತಾರ ಕ್ವೆರಿಗೆ ಬಂದ ಉತ್ತರ. ಒಂದೇ ಕಾಗದಕ್ಕೆ ಒಂದು ಸೀಮೆ ತುಂಬುವವನ ಕಡೆಯಿಂದ ಹೆಸರಿಟ್ಟಿತು, ಇನ್ನೊಂದು ಕೇಳುವವನ ಕಡೆಯಿಂದ.

ಮುಂಬೈ ಪ್ರಾಂತದ ಸರ್ವೆ 1830ರ ದಶಕದಲ್ಲಿ ಪುಣೆ ಸೀಮೆಯ ಇಂದಾಪುರದಲ್ಲಿ ಶುರುವಾಗಿ, ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಅವರ ಕೈಯಲ್ಲಿ ರೂಪ ಪಡೆದು ನಮ್ಮ ಕಡೆಗೂ ಬಂತು. ಅದರ ಆಸಕ್ತಿ ಇದ್ದದ್ದು ಕಂದಾಯದಲ್ಲಿ. ಹೊಲಕ್ಕೊಂದು ನಂಬರು ಬಿತ್ತು, ದರ 30 ವರ್ಷಕ್ಕೆ ನಿಗದಿಯಾಯಿತು. ದುಡ್ಡು ಕಟ್ಟುವವನ ಹೆಸರು ಸಿಕ್ಕರೆ ಸಾಕಿತ್ತು. ಹಕ್ಕು ಯಾರದು, ಯಾವಾಗ ಕೈ ಬದಲಾಯಿತು ಎಂದು ಬರೆಯುವ ಗರಜು ಸರ್ಕಾರಕ್ಕೆ ಬಿದ್ದಿರಲಿಲ್ಲ. ಅದು ಬಂದದ್ದು 1903ರ ಮುಂಬೈ ಹಕ್ಕುದಾಖಲೆ ಕಾಯ್ದೆಯಿಂದ. 1913ರಲ್ಲಿ ಅದನ್ನು ಕಂದಾಯ ಸಂಹಿತೆಯೊಳಕ್ಕೇ ಸೇರಿಸಿದರು. ಆಗ ರೂಢಿಗೆ ಬಂದ ಗ್ರಾಮ ನಮೂನೆಗಳಲ್ಲಿ ಆರನೆಯದು ಹಕ್ಕು ಬದಲಾವಣೆಯ ವಹಿ. ಏಳು ಮತ್ತು ಹನ್ನೆರಡನೆಯವು ಸೇರಿ ಹೊಲದ ಪುಟ. ಗಡಿಯಾಚೆ ಅದನ್ನು ಇವತ್ತಿಗೂ ಸಾತಬಾರಾ ಅನ್ನುವುದು ಇದರಿಂದಲೇ.

ಆರನೆಯ ನಮೂನೆಯನ್ನು ಸ್ವಲ್ಪ ನಿಂತು ನೋಡಬೇಕು. ಅದರಲ್ಲಿ ಕಲಮುಗಳು ನಾಲ್ಕೇ. ಅನುಕ್ರಮ ನಂಬರು, ಯಾವ ಬಗೆಯ ಹಕ್ಕು ಹೇಗೆ ಬಂತು, ಯಾವ ಸರ್ವೆ ನಂಬರಿಗೆ ತಗಲುತ್ತದೆ, ತಪಾಸಣೆ ಮಾಡಿದ ಅಧಿಕಾರಿಯ ಸಹಿ-ಶೆರಾ. ಅಪ್ಪ ತೀರಿಕೊಂಡ, ಮಗ ವಾರಸಾ ಮಾಡಿಸಲು ಬಂದ ಅನ್ನಿ. ತಲಾಟಿ ಈ ವಹಿಯಲ್ಲಿ ಹೊಸ ನಂಬರು ಕೊಟ್ಟು ಬರೆಯುತ್ತಾನೆ. ನೋಟೀಸು ಹೋಗುತ್ತದೆ, ತಕರಾರಿಗೆ ಅವಕಾಶ ಇರುತ್ತದೆ. ಆಮೇಲೆ ಮೇಲಿನ ಅಧಿಕಾರಿ ಬಂದು ಮಂಜೂರು ಮಾಡುತ್ತಾನೆ. ಆಗ ಹೊಲದ ಪುಟದಲ್ಲಿ ಅಪ್ಪನ ಹೆಸರನ್ನು ಕೆರೆದು ತೆಗೆಯುವುದಿಲ್ಲ. ಅದಕ್ಕೆ ಕಂಸ ಹಾಕಿ, ಕೆಳಗೆ ಮಗನ ಹೆಸರು ಬರೆದು, ಪಕ್ಕದಲ್ಲಿ ಬದಲಾವಣೆಯ ನಂಬರು ಬರೆದು ಅದಕ್ಕೊಂದು ಸುತ್ತು ಹಾಕುತ್ತಾರೆ. ಹಳೆಯದು ಕಾಣುತ್ತಲೇ ಇರುತ್ತದೆ. ಈ ನಂಬರು ಹಿಡಿದು ಆರನೆಯ ವಹಿಗೆ ಹೋದರೆ ಕಾರಣ ಸಿಗುತ್ತದೆ.

ಈಗ ಇದನ್ನೇ ಕಂಪ್ಯೂಟರಿಗೆ ಹಾಕೋಣ. 1970ರಲ್ಲಿ ಐಬಿಎಮ್ ಕಂಪನಿಯ ಎಡ್ಗರ್ ಕಾಡ್ ರಿಲೇಷನಲ್ ಮಾದರಿಯ ಪ್ರಬಂಧ ಪ್ರಕಟಿಸಿದ. ಸಾಲು, ಕಲಂ, ಸಾಲಿಗೊಂದು ಗುರುತಿನ ಕೀಲಿ. ಬೇಕಾದ್ದನ್ನು ಕೇಳಿ ಪಡೆಯುವ ಭಾಷೆ. ಇವತ್ತಿನ ಎಸ್‌ಕ್ಯೂಎಲ್ ಆ ಬುಡದ ಕೊಂಬೆ. ಅದರಲ್ಲಿ ಬದಲಾವಣೆಗೆ ‘ಅಪ್‌ಡೇಟ್’ ಎಂಬ ಅಪ್ಪಣೆ ಇದೆ. ಸರ್ವೆ ನಂಬರಿನ ಸಾಲಿನಲ್ಲಿ ಹೆಸರು ಬದಲಿಸು ಅಂದರೆ ಅಪ್ಪನ ಹೆಸರು ಹೋಗಿ ಮಗನ ಹೆಸರು ಕೂಡುತ್ತದೆ. ಕಂಸವೂ ಇಲ್ಲ, ಸುತ್ತೂ ಇಲ್ಲ. ಟೇಬಲ್ಲು ಯಾವಾಗಲೂ ‘ಈಗ’ದಲ್ಲಿ ಬದುಕುತ್ತದೆ. ಬ್ಯಾಂಕಿನ ಬಾಕಿಗೆ, ಅಂಗಡಿಯ ದಾಸ್ತಾನಿಗೆ ಅಷ್ಟು ಸಾಕು. ಹೊಲಕ್ಕೆ ಸಾಲದು.

ಪರಿಹಾರ ಸುಲಭ ಅನ್ನಿಸುತ್ತದೆ. ‘ಯಾವಾಗಿನಿಂದ’, ‘ಯಾವಾಗಿನವರೆಗೆ’ ಎಂಬ ಎರಡು ಕಲಂ ಸೇರಿಸಿ. ಹೆಸರು ಬದಲಾದಾಗ ಹಳೆಯ ಸಾಲಿನ ಕೊನೆಯ ತಾರೀಖು ತುಂಬಿ, ಅದೇ ತಾರೀಖಿನಿಂದ ಹೊಸ ಸಾಲು ಹಾಕಿ. ನಡೆಯುತ್ತಿರುವ ಸಾಲಿಗೆ 9999ನೇ ಇಸವಿಯ ಡಿಸೆಂಬರ್ 31 ಎಂಬ ಎಂದೂ ಬಾರದ ತಾರೀಖು ಕೊಡುವುದು ಈ ಕಸುಬಿನವರ ರೂಢಿ. ಒಂದು ದಿನ ಯಾರಿದ್ದರು ಎಂದು ಕೇಳಲು ಕ್ವೆರಿಯಲ್ಲಿ ಎರಡು ಷರತ್ತು ಸಾಕು: ಶುರುವಿನ ತಾರೀಖು ಆ ದಿನ ಅಥವಾ ಅದಕ್ಕೂ ಮೊದಲು ಇರಬೇಕು, ಕೊನೆಯ ತಾರೀಖು ಆ ದಿನದ ನಂತರ ಇರಬೇಕು. ಮೊದಲನೆಯದರಲ್ಲಿ ‘ಅಥವಾ ಸಮ’ ಇದೆ, ಎರಡನೆಯದರಲ್ಲಿ ಇಲ್ಲ. ಎರಡರಲ್ಲೂ ಇಟ್ಟರೆ ಕೈ ಬದಲಾದ ದಿನ ಹೊಲಕ್ಕೆ ಇಬ್ಬರು ಒಡೆಯರು ಸಿಗುತ್ತಾರೆ. ಎರಡರಲ್ಲೂ ಬಿಟ್ಟರೆ ಆ ದಿನ ಹೊಲ ಅನಾಥ. ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಇದು ಬರಿಯ ಪಾಠದ ಸೂಕ್ಷ್ಮ ಎಂದುಕೊಂಡವರು 1974ರ ಮಾರ್ಚ್ 1ನ್ನು ನೋಡಬೇಕು.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದು ಆಗಿನ್ನೂ ನಾಲ್ಕು ತಿಂಗಳಾಗಿತ್ತು. ದೇವರಾಜ ಅರಸು ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿ ಅವತ್ತು ಜಾರಿಗೆ ಬಂತು. ಆ ತಾರೀಖಿನ ನಿಕಟಪೂರ್ವದಲ್ಲಿ ಗೇಣಿದಾರರ ಸ್ವಾಧೀನದಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರುತ್ತದೆ, ಗೇಣಿದಾರ ಅದಕ್ಕೆ ಅಧಿಭೋಗದಾರನಾಗಿ ನೋಂದಾಯಿಸಿಕೊಳ್ಳಬಹುದು ಎಂಬುದು ಸಾರ. ‘ನಿಕಟಪೂರ್ವ’ ಎಂಬ ಮಾತನ್ನು ಗಮನಿಸಿ. ಮಾರ್ಚ್ 1ರಂದು ಯಾರಿದ್ದರು ಎಂಬುದು ಪ್ರಶ್ನೆಯಲ್ಲ. ಆ ದಿನ ಹುಟ್ಟುವುದಕ್ಕೆ ಸ್ವಲ್ಪ ಮುಂಚೆ ಯಾರಿದ್ದರು? ಆಗ ತೆರೆದಿದ್ದ ಸಾಲು ಯಾವುದು? ಇಡೀ ರಾಜ್ಯದ ಹೊಲಗಳ ಮೇಲೆ ಒಂದೇ ತಾರೀಖು ಹಿಡಿದು ಹೂಡಿದ ಕ್ವೆರಿ ಅದು. ಉತ್ತರ ಹೇಳಲು ತಾಲೂಕಿಗೊಂದು ಭೂನ್ಯಾಯಮಂಡಳಿ. ಕೇಳುವವನು ತುಂಬಬೇಕಾದ್ದು ನಮೂನೆ 7. ಕೊನೆಯ ದಿನ ಹಲವು ಸಲ ಮುಂದೆ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ರಾಜ್ಯದಲ್ಲಿ ಬಿದ್ದ ಅರ್ಜಿಗಳು ಸುಮಾರು ಎಂಟು ಲಕ್ಷ. ಮೊದಮೊದಲು ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶ ಇರಲಿಲ್ಲ. ರೈತ ತಾನೇ ನಿಂತು ಹೇಳಬೇಕಿತ್ತು.

ಹೊಳೆಯ ಮೇಲ್ದಂಡೆಯಲ್ಲಿ ಇದೇ ಪ್ರಶ್ನೆಗೆ ಬೇರೆ ತಾರೀಖು. ಚಂದಗಡ ತಾಲೂಕು 1956ರವರೆಗೆ ಬೆಳಗಾವಿ ಜಿಲ್ಲೆಯದೇ. ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಮುಂಬೈ ರಾಜ್ಯದಲ್ಲಿ ಉಳಿದು ಕೊಲ್ಹಾಪುರಕ್ಕೆ ಹೋಯಿತು, ಹುಕ್ಕೇರಿ ಮೈಸೂರು ರಾಜ್ಯಕ್ಕೆ ಬಂತು. 1948ರ ಮುಂಬೈ ಗೇಣಿ ಕಾಯ್ದೆಗೆ ತಂದ ತಿದ್ದುಪಡಿಯ ಪ್ರಕಾರ 1957ರ ಏಪ್ರಿಲ್ 1 ‘ಉಳುವವನ ದಿನ’. ಅವತ್ತು ಉಳುತ್ತಿದ್ದ ಗೇಣಿದಾರ ಖರೀದಿದಾರನೆಂದು ಲೆಕ್ಕ. ಆ ದಿನ ಚಂದಗಡದ ಕಡೆ ಬಂತು. ಐದು ತಿಂಗಳ ಹಿಂದಷ್ಟೇ ಗಡಿಯ ಈಚೆ ಬಿದ್ದಿದ್ದ ದಡ್ಡಿಯ ಕಡೆ ಬರಲಿಲ್ಲ. ಮೈಸೂರು ಸರ್ಕಾರ ಆ ಕಲಮುಗಳನ್ನು ತಡೆಹಿಡಿಯಿತು. ಮೈಸೂರಿನ ಸ್ವಂತ ಭೂಸುಧಾರಣಾ ಕಾಯ್ದೆ 1961ರದು, ಜಾರಿಯಾದದ್ದು 1965ರ ಅಕ್ಟೋಬರ್ 2ಕ್ಕೆ, ಹಲ್ಲು ಬಂದದ್ದು 1974ರಲ್ಲಿ. ಒಂದೇ ಹೊಳೆಯ ನೀರು ಕುಡಿವ ಎರಡು ಹೊಲಗಳ ನಡುವೆ ಹದಿನೇಳು ವರ್ಷದ ಅಂತರ. ಅಷ್ಟು ಹೊತ್ತಿನಲ್ಲಿ ಎಷ್ಟು ಗೇಣಿದಾರರನ್ನು ಬಿಡಿಸಬಹುದೋ ಅಷ್ಟನ್ನು ಬಿಡಿಸಲು ಜಮೀನುದಾರನಿಗೆ ಸಮಯವಿತ್ತು.

ಬಿಡಿಸಿದ್ದರೋ ಇಲ್ಲವೋ ಹೇಳಬೇಕಾದ್ದು ಉತಾರದ 12(2)ನೇ ಕಲಂ, ಅಂದರೆ ಸಾಗುವಳಿ ಮಾಡಿದವನ ಹೆಸರು. 9ನೇ ಕಲಂ ಒಡೆಯನದು, 11ನೆಯದು ಇತರ ಹಕ್ಕು ಮತ್ತು ಬೋಜಾದ್ದು. ಒಡೆಯನ ಹೆಸರು ಬದಲಾಗಬೇಕಾದರೆ ಆರನೆಯ ನಮೂನೆಯ ಮೆರವಣಿಗೆ ಎಲ್ಲ ಬೇಕು. ಸಾಗುವಳಿ ಕಲಂ ಹಾಗಲ್ಲ. ಅದನ್ನು ವರ್ಷವರ್ಷ ಪಹಣಿಗೆ ಬಂದವನು ತುಂಬುತ್ತಾನೆ. ಅಲ್ಲಿ ‘ಯಾವಾಗಿನಿಂದ-ಯಾವಾಗಿನವರೆಗೆ’ ಇಲ್ಲ, 1973-74 ಎಂಬ ವರ್ಷ ಇದೆ. ಮುಂಗಾರಿಗೆ ಒಬ್ಬ ಬಿತ್ತಿ, ಹಿಂಗಾರಿಗೆ ಇನ್ನೊಬ್ಬ ಬಂದಿದ್ದರೆ ಫೆಬ್ರುವರಿ 28ರಂದು ಹೊಲದಲ್ಲಿದ್ದವರು ಯಾರು ಎಂದು ಆ ಸಾಲು ಹೇಗೆ ಹೇಳೀತು? ದಿನದ ಲೆಕ್ಕದ ಪ್ರಶ್ನೆಗೆ ವರ್ಷದ ಲೆಕ್ಕದ ಉತ್ತರ. ಅದಕ್ಕೂ ಮೇಲೆ, ಗೇಣಿ ಬಹುಪಾಲು ಬಾಯಿಮಾತಿನದು. ಪಾಲು ಹೊರುವವನ ಹೆಸರು ಕಾಗದಕ್ಕೆ ಬಂದರೆ ಮುಂದೆ ತೊಡಕು ಎಂದು ಒಡೆಯನಿಗೆ ಗೊತ್ತು, ಹೆಸರು ಬರೆಯುವವನು ಒಡೆಯನ ಪಡಸಾಲೆಯಲ್ಲಿ ಚಹಾ ಕುಡಿಯುವವನು. ಹಾಗಾಗಿ ಮೂವತ್ತು ವರ್ಷ ಉತ್ತವನ ಕಲಂ ಎದುರು ‘ಖುದ್ದು’ ಎಂದು ಒಡೆಯನೇ ಕಾಣಿಸಿಕೊಳ್ಳಬಹುದಿತ್ತು. 1964ರ ಭೂಕಂದಾಯ ಕಾಯ್ದೆಯ 133ನೇ ಪ್ರಕರಣ, ಸುಳ್ಳೆಂದು ತೋರಿಸುವವರೆಗೂ ದಾಖಲೆಯ ನಮೂದನ್ನು ನಿಜವೆಂದೇ ತಿಳಿಯಬೇಕು ಅನ್ನುತ್ತದೆ. ತೋರಿಸುವ ಭಾರ ಖಾಲಿ ಕೈಯವನ ಮೇಲೆ. ನೆರೆಹೊಲದವರ ಸಾಕ್ಷಿ, ಗೇಣಿ ಕೊಟ್ಟ ಚೀಟಿ ಇದ್ದರೆ ಅದು, ಇಲ್ಲದಿದ್ದರೆ ಮಂಡಳಿಯವರೇ ಹೊಲಕ್ಕೆ ಬಂದು ನೋಡುವುದು. ಆ ಭೇಟಿ 1974ರ ಹೊಲವನ್ನು 1976ರಲ್ಲೋ 1980ರಲ್ಲೋ ನೋಡುವುದಾಗಿತ್ತು.

ನಮ್ಮ ಕಡೆ ಕುರಿ ಕೂಡುವ ತಾವಿಗೂ ದಡ್ಡಿ ಅನ್ನುತ್ತಾರೆ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ, ನಾಲ್ಕು ರಾತ್ರಿ ಕಳೆದು ಮುಂದಿನ ಹೊಲಕ್ಕೆ ಹೋಗುವವರ ಹೆಸರು ಯಾವ ನಮೂನೆಯ ಯಾವ ಕಲಮಿನಲ್ಲೂ ಬಂದದ್ದಿಲ್ಲ. ಬರೆಯದ್ದನ್ನು ಎಷ್ಟು ಜಾಣತನದ ಕ್ವೆರಿಯೂ ಹೊರಗೆ ತರಲಾರದು.

1998ರ ನವೆಂಬರ್ 1ರಿಂದ ಇನ್ನೊಂದು ಅವಕಾಶ ಬಂತು, 77ಎ ಪ್ರಕರಣ, ನಮೂನೆ 7ಎ. ಹಿಂದೆ ಅರ್ಜಿ ಹಾಕದೇ ಉಳಿದ ಸಣ್ಣ ಗೇಣಿದಾರರಿಗಾಗಿ. ಇಲ್ಲಿ ಪ್ರಶ್ನೆಯ ಜಾತಿಯೇ ಬದಲಾಯಿತು. 1974ರ ಮಾರ್ಚ್ 1ಕ್ಕೆ ಮೊದಲು ಸ್ವಾಧೀನದಲ್ಲಿದ್ದು, ತಿದ್ದುಪಡಿ ಜಾರಿಗೆ ಬಂದ ದಿನವೂ ಅದು ಮುಂದುವರಿದಿರಬೇಕು. ಎರಡು ತುದಿ ತೋರಿಸಿದರೆ ಸಾಲದು, ನಡುವಿನ ಇಪ್ಪತ್ತನಾಲ್ಕು ವರ್ಷ ಕಡಿಯದೆ ಬಂದಿರಬೇಕು. ಸಾಲಿನ ಕೊನೆ ಮುಂದಿನ ಸಾಲಿನ ಶುರುವಿಗೆ ಕೂಡುತ್ತದೆಯೇ, ನಡುವೆ ಬಿರುಕಿದೆಯೇ ಎಂದು ಹುಡುಕುವುದು ಎಸ್‌ಕ್ಯೂಎಲ್ ಬಲ್ಲವರಿಗೂ ಬೆವರಿಳಿಸುವ ಕೆಲಸ. ವರ್ಷಕ್ಕೊಬ್ಬ ಬರೆದ ಕೈಬರಹದ ಪುಟಗಳಲ್ಲಿ ಹುಡುಕುವವನ ಪಾಡು ಊಹಿಸಿಕೊಳ್ಳಿ.

ಇಷ್ಟರವರೆಗೆ ಒಂದೇ ಕಾಲದ ಮಾತಾಯಿತು: ಹೊಲದಲ್ಲಿ ನಡೆದದ್ದರ ಕಾಲ. ದಫ್ತರಕ್ಕೆ ಇನ್ನೊಂದು ಕಾಲವಿದೆ, ಅದು ಬರೆದದ್ದರ ಕಾಲ. ಅಪ್ಪ ತೀರಿದ್ದು ಶ್ರಾವಣದಲ್ಲಿ, ವರ್ದಿ ಕೊಟ್ಟದ್ದು ಸಂಕ್ರಾಂತಿಗೆ, ಮಂಜೂರಾದದ್ದು ಯುಗಾದಿ ಕಳೆದು. ದೀಪಾವಳಿಯಲ್ಲಿ ಹೊಲ ಯಾರದು? ಕಾನೂನಿನ ಲೆಕ್ಕಕ್ಕೆ ಮಗನದು, ಆಗಿನ ಉತಾರದ ಪ್ರಕಾರ ಅಪ್ಪನದು. ಆ ಉತಾರ ನಂಬಿ ಯಾರೋ ಸಾಲ ಕೊಟ್ಟಿದ್ದರೆ ಎರಡೂ ಉತ್ತರ ಬೇಕಾಗುತ್ತದೆ. 1985ರಲ್ಲಿ ರಿಚರ್ಡ್ ಸ್ನಾಡ್‌ಗ್ರಾಸ್ ಮತ್ತು ಇಲ್ಸೂ ಆನ್ ಎಂಬಿಬ್ಬರು ಡೇಟಾಬೇಸಿನಲ್ಲಿ ಈ ಎರಡು ಕಾಲಗಳನ್ನು ಬೇರೆ ಬೇರೆ ಹೆಸರಿಟ್ಟು ವಿಂಗಡಿಸಿದರು. ಮುಂದೆ ಸ್ನಾಡ್‌ಗ್ರಾಸ್ ನೇತೃತ್ವದಲ್ಲಿ 1990ರ ದಶಕದಲ್ಲಿ ಟಿಎಸ್‌ಕ್ಯೂಎಲ್2 ಎಂಬ ಭಾಷೆ ರೂಪುಗೊಂಡಿತು. ಅದನ್ನು ಎಸ್‌ಕ್ಯೂಎಲ್ ಮಾನದಂಡದೊಳಕ್ಕೆ ತರುವ ಯತ್ನ ವರ್ಷಗಟ್ಟಲೆ ಜಗ್ಗಾಡಿ ಬಿದ್ದುಹೋಯಿತು. ಕೊನೆಗೆ 2011ರ ಮಾನದಂಡದಲ್ಲಿ ಬೇರೆ ರೂಪದಲ್ಲಿ ಎರಡೂ ಕಾಲ ಒಳಗೆ ಬಂದವು. ಬಳಕೆದಾರ ತಾನೇ ಹೇಳುವ ಅವಧಿ ಒಂದು. ಅಪ್‌ಡೇಟ್ ಮಾಡಿದಾಗಲೆಲ್ಲ ಹಳೆಯ ಸಾಲನ್ನು ತಾನಾಗಿ ಎತ್ತಿಡುವ, ಯಾರ ಕೈಗೂ ತಿದ್ದಲು ಸಿಗದ ಯಂತ್ರದ ಅವಧಿ ಇನ್ನೊಂದು. ‘ಇಂಥ ದಿನ ಈ ಟೇಬಲ್ಲು ಹೇಗಿತ್ತೋ ಹಾಗೆ ತೋರಿಸು’ ಎಂದು ಒಂದೇ ಸಾಲಿನಲ್ಲಿ ಕೇಳಬಹುದಾಯಿತು. ಅವಧಿಯ ಶುರು ಒಳಗೆ, ಕೊನೆ ಹೊರಗೆ ಎಂಬ ನಿಯಮವೂ ಅಲ್ಲಿದೆ. ಈ ಹೊಸ ಸೌಲಭ್ಯವನ್ನು ಜಗತ್ತಿಗೆ ವಿವರಿಸಿದ 2012ರ ಪ್ರಬಂಧದ ಇಬ್ಬರು ಲೇಖಕರಲ್ಲಿ ಒಬ್ಬರು ಐಬಿಎಮ್‌ನ ಕೃಷ್ಣ ಕುಲಕರ್ಣಿ. ಊರ ಲೆಕ್ಕ ಬರೆಯುವವರ ಅಡ್ಡಹೆಸರು ಅಲ್ಲಿ ಕಂಡಾಗ ನಗು ಬರದೇ ಇರದು.

ಎರಡು ಕಾಲಗಳ ಭೇದ ಎಷ್ಟು ಕಟುವಾಗಬಲ್ಲದು ಎಂಬುದಕ್ಕೆ ಬೆಳಗಾವಿಯದೇ ಒಂದು ದಾವೆ ಸಾಕ್ಷಿ. 1988ರಲ್ಲಿ ತೀರಿದ ತಂದೆಯ ಆಸ್ತಿಯಲ್ಲಿ ಪಾಲು ಕೇಳಿ ಮಗಳೊಬ್ಬಳು 1992ರಲ್ಲಿ ಬೆಳಗಾವಿಯ ನ್ಯಾಯಾಲಯಕ್ಕೆ ಹೋದಳು. ದಾವೆ ನಡೆಯುತ್ತಿರುವಾಗಲೇ 2005ರ ಸೆಪ್ಟೆಂಬರ್ 9ರಂದು ಹಿಂದೂ ಉತ್ತರಾಧಿಕಾರ ತಿದ್ದುಪಡಿ ಬಂತು, ಮಗಳೂ ಮಗನಂತೆ ಹುಟ್ಟಿನಿಂದ ಪಾಲುದಾರಳಾದಳು. ದಾವೆ ಸುಪ್ರೀಂ ಕೋರ್ಟಿನವರೆಗೆ ಏರಿತು. 2015ರ ಅಕ್ಟೋಬರಿನಲ್ಲಿ ಬಂದ ತೀರ್ಪು, ಆ ಸೆಪ್ಟೆಂಬರ್ 9ರಂದು ತಂದೆ ಬದುಕಿದ್ದರೆ ಮಾತ್ರ ತಿದ್ದುಪಡಿಯ ಹಕ್ಕು ಅಂದಿತು. 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ಇನ್ನೊಂದು ಮೊಕದ್ದಮೆಯಲ್ಲಿ, ಹಾಗಿಲ್ಲ, ತಂದೆ ಬದುಕಿರಬೇಕಾಗಿಲ್ಲ ಎಂದು ಆ ಅರ್ಥವನ್ನು ತೆಗೆದುಹಾಕಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ಆಗಿಹೋದ ಪಾಲುಗಳನ್ನು ಮಾತ್ರ ಮುಟ್ಟುವಂತಿಲ್ಲ. ಹಾಗಾದರೆ 2016ರಲ್ಲಿ, ತಂದೆ ಮೊದಲೇ ತೀರಿದ ಮಗಳೊಬ್ಬಳಿಗೆ ಪಾಲಿತ್ತೇ? 2016ರಲ್ಲಿ ತಿಳಿದಿದ್ದಂತೆ ಇರಲಿಲ್ಲ. 2020ರಲ್ಲಿ ತಿಳಿದಂತೆ 2016ರಲ್ಲೂ ಇತ್ತು. ಆ ನಡುವಿನ ನಾಲ್ಕು ವರ್ಷಗಳಲ್ಲಿ ಅಣ್ಣತಮ್ಮಂದಿರಷ್ಟೇ ವಾರಸಾ ಮಾಡಿಸಿಕೊಂಡ ಉತಾರಗಳು ಎಷ್ಟೋ ಮನೆಗಳ ಟ್ರಂಕಿನಲ್ಲಿರಬಹುದು. ಅವು ಬರೆದ ದಿನ ಅಕ್ರಮವಾಗಿರಲಿಲ್ಲ.

‘ಭೂಮಿ’ ಬಂದದ್ದು ಈ ಎಲ್ಲದರ ನಡುವೆ. 2002ರ ಹೊತ್ತಿಗೆ 176 ತಾಲೂಕುಗಳಲ್ಲಿ ಸುಮಾರು 2 ಕೋಟಿ ಪಹಣಿ, 67 ಲಕ್ಷ ಭೂಮಾಲೀಕರ ವಿವರ ಕಂಪ್ಯೂಟರಿಗೆ ಏರಿತು. ಕೈಬರಹದ ಉತಾರಕ್ಕೆ ಬೆಲೆ ಇಲ್ಲವಾಯಿತು, ಆಗ 15 ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯ ಕಿಟಕಿಯಲ್ಲಿ ಅಚ್ಚಾದ ಪ್ರತಿ ಸಿಗುತ್ತಿತ್ತು. ಅದರೊಳಗೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಸರತಿಯ ನಿಯಮ. ಮೊದಲು ಬಂದ ಅರ್ಜಿಗೆ ಮೊದಲು ವಿಲೇವಾರಿ. ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕಿತ್ತು, ಆಗ ನೋಟೀಸಿನ 30 ದಿನ ಕಳೆಯಬೇಕಿತ್ತು. ಬರೆಯುವ ಕಾಲ ತಲಾಟಿಯ ಕೈಯಿಂದ ಜಾರಿದ್ದು ಆಗ. ಹಿಂದಿನ ತಾರೀಖು ಹಾಕಿ ಬರೆಯುವ ಹಳೆಯ ಚಾಳಿಗೆ ಯಂತ್ರ ಸೊಪ್ಪು ಹಾಕಲಿಲ್ಲ. ಮನೆಯಲ್ಲೇ ಕೂತು ಹಳೆಯ ವರ್ಷ ಆರಿಸಿ ಆ ವರ್ಷದ ಪಹಣಿ ನೋಡುವ ಸೌಕರ್ಯವೂ ಈಗ ಇದೆ. ‘ಅವತ್ತು ಯಾರಿದ್ದರು’ ಎಂಬ ಕ್ವೆರಿ ಎಸ್‌ಕ್ಯೂಎಲ್ ಗೊತ್ತಿಲ್ಲದವರ ಬೆರಳಿಗೂ ಬಂದಿದೆ.

ಆದರೆ ಆ ಪಟ್ಟಿಯಲ್ಲಿ ಹಿಂದೆ ಹಿಂದೆ ಹೋದರೆ 2000ದ ಆಸುಪಾಸಿನಲ್ಲಿ ಗೋಡೆ ಸಿಗುತ್ತದೆ. ಗಣಕಕ್ಕೆ ಏರಿದ್ದು ಆಗ ಜಾರಿಯಲ್ಲಿದ್ದ ಸಾಲುಗಳು. ಕಂಸ ಹಾಕಿದ ಹೆಸರುಗಳು, ಸುತ್ತು ಹಾಕಿದ ಹಳೆಯ ನಂಬರುಗಳು ಬಟ್ಟೆ ಕಟ್ಟಿದ ಗಂಟುಗಳಲ್ಲೇ ಉಳಿದವು. ಭೂನ್ಯಾಯಮಂಡಳಿಯ ಆದೇಶಕ್ಕೆ ಆಧಾರವಾದ 1973-74ರ ಪುಟ ಆ ಗೋಡೆಯ ಆಚೆಗಿದೆ. ಗೋಡೆಯ ಈಚೆಯೂ ನೆಲ ಅಲುಗಾಡುತ್ತದೆ. ಬೆಲ್ಗಾಮ್ 2014ರ ನವೆಂಬರ್ 1ರಂದು ಅಧಿಕೃತವಾಗಿ ಬೆಳಗಾವಿಯಾಯಿತು. ಗೋಕಾಕ ತಾಲೂಕಿನ ಊರುಗಳನ್ನು ತೆಗೆದು ಈಚೆಗೆ ಮೂಡಲಗಿ ತಾಲೂಕು ಮಾಡಿದರು. ಅಲ್ಲಿನ ಹೊಲವೊಂದರ 2005ರ ಕಾಗದ ಹುಡುಕುವವನು ಯಾವ ತಾಲೂಕು ಆರಿಸಬೇಕು? ಅವತ್ತಿನ ಕಾಗದದ ಮೇಲೆ ಗೋಕಾಕವೇ ಇದೆ, ಇವತ್ತಿನ ಪಟ್ಟಿಯಲ್ಲಿ ಆ ಊರು ಮೂಡಲಗಿಯ ಕೆಳಗಿದೆ. ಹೆಸರಿಗೂ ಅವಧಿ ಉಂಟು ಎಂದು ಟೇಬಲ್ಲಿಗೆ ಯಾರಾದರೂ ಮೊದಲೇ ಹೇಳಿಟ್ಟಿರಬೇಕು.

2024ರಿಂದ ಕಂದಾಯ ಇಲಾಖೆ ‘ಭೂಸುರಕ್ಷಾ’ ಯೋಜನೆಯಡಿ ತಾಲೂಕು ಕಚೇರಿಗಳ ದಾಖಲೆ ಕೋಣೆಯ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಹುಳು, ನೀರು, ಕಳ್ಳಗೈಗಳಿಂದ ಅವು ಉಳಿಯುವುದು ದೊಡ್ಡ ಮಾತೇ. ಸ್ಕ್ಯಾನ್ ಮಾಡಿದ ಪುಟ ಚಿತ್ರ, ಅದು ಟೇಬಲ್ಲಲ್ಲ. ಅದಕ್ಕೆ ತಾರೀಖು ಹಿಡಿದು ಪ್ರಶ್ನೆ ಕೇಳಲು ಬರುವುದಿಲ್ಲ. ಯಾರೋ ಕೂತು ಹೆಸರು, ಕಂಸ, ಸುತ್ತು ಹಾಕಿದ ನಂಬರು, ಮಂಜೂರಾತಿಯ ತಾರೀಖುಗಳನ್ನು ಒಂದೊಂದಾಗಿ ಓದಿ ಸಾಲು ಮಾಡಬೇಕು. 1974ರ ಪುಟಕ್ಕಾದರೆ ಕನ್ನಡದ ಅವಸರದ ಕೈಬರಹ ಓದಬಲ್ಲವರು ಸಾಕು. ಇನ್ನೂ ಹಿಂದಿನ ಕೆಲವು ದಫ್ತರಗಳು ಮೋಡಿ ಲಿಪಿಯಲ್ಲಿವೆ, ಮೋಡಿ ಓದುವವರು ಈಗ ಹುಡುಕಿದರೆ ಸಿಗುವಷ್ಟು ಮಂದಿ.